ಹಾವಿನ ದ್ವೇಷ ಮತ್ತು ನಮ್ಮ ದುರ್ಗದ ಹುಡುಗರು

ನಮ್ಮ ಚಿತ್ರದುರ್ಗಕ್ಕೆ ಒಂದೇ ಸಿನಿಮಾ ಎರಡು ಹಾಡು ಕೊಟ್ಟಿದೆ. ಒಂದು ಒನಕೆ ಓಬವ್ವನದು, ಇನ್ನೊಂದು 'ಹಾವಿನ ದ್ವೇಷ'. ಸಿನಿಮಾ ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ ಬಿಡಿ, 'ನಾಗರಹಾವು'. ಓಬವ್ವನ ಹಾಡು ಶಾಲೆಗೆ ಹೋಯಿತು, ರಾಜ್ಯೋತ್ಸವದ ವೇದಿಕೆ ಹತ್ತಿತು, ಮಕ್ಕಳ ಕೈಗೆ ಥರ್ಮೋಕೋಲಿನ ಒನಕೆ ಕೊಟ್ಟಿತು. ಎರಡನೆಯದು ಬಸ್ ಸ್ಟ್ಯಾಂಡಿನಲ್ಲೇ ಉಳಿಯಿತು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು... ಯಾವ ಊರಿನ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ನೋಡಿದರೂ ರಾತ್ರಿ ಹನ್ನೊಂದು ದಾಟಿದ ಮೇಲೆ ಹುಡುಗರು ವೇದಿಕೆಗೆ ಚೀಟಿ ಕಳಿಸುತ್ತಿದ್ದದ್ದು ಇದಕ್ಕೆ. ಶಾಲೆಯವರೂ ಸರ್ಕಾರದವರೂ ಮುಟ್ಟದ ಈ ಹಾಡು ಏನು ಹೇಳುತ್ತಿತ್ತು ಅನ್ನುವುದೇ ನನ್ನ ಕುತೂಹಲ.

ಮೊದಲು ಒಂದಿಷ್ಟು ವಿವರ. 1972ರಲ್ಲಿ ಬಂದ ಚಿತ್ರ. ನಿರ್ದೇಶನ ಪುಟ್ಟಣ್ಣ ಕಣಗಾಲ್, ನಿರ್ಮಾಪಕರು ಎನ್. ವೀರಾಸ್ವಾಮಿ, ಸಂಗೀತ ವಿಜಯಭಾಸ್ಕರ್. ಕಥೆ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿದ್ದು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪ ಮತ್ಸರ'. ಸಂಪತ್‌ಕುಮಾರ್ ಅನ್ನುವ ಹುಡುಗ ವಿಷ್ಣುವರ್ಧನ್ ಆದದ್ದು ಇಲ್ಲೇ. ಜಲೀಲನಾಗಿ ಅಂಬರೀಷ್ ಮೊದಲು ಕಾಣಿಸಿಕೊಂಡದ್ದೂ ಇಲ್ಲೇ. 'ಹಾವಿನ ದ್ವೇಷ' ಬರೆದವರು ವಿಜಯನಾರಸಿಂಹ.

ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ, ಆಗ ಅವರಿಗೆ 26 ವರ್ಷ. ಇಲ್ಲೊಂದು ಮಜಾ ಇದೆ ನೋಡಿ. ಅದೇ ರಾಮಾಚಾರಿ ಪ್ರೀತಿಯಲ್ಲಿ ತೇಲುವಾಗ, 'ಬಾರೇ ಬಾರೇ' ಹಾಡಿನಲ್ಲಿ, ಅವನ ದನಿ ಪಿ.ಬಿ. ಶ್ರೀನಿವಾಸ್ ಅವರದು. ಅಂದರೆ ಕನ್ನಡ ಕಿವಿಗೆ ವರ್ಷಗಟ್ಟಲೆ ಪಳಗಿದ, ರಾಜ್‌ಕುಮಾರ್ ಚಿತ್ರಗಳಲ್ಲಿ ಕೇಳಿ ಕೇಳಿ ಮನೆಯದೇ ಆಗಿಹೋಗಿದ್ದ ದನಿ. ಓಬವ್ವನ ಹಾಡಿಗೂ ಅದೇ ದನಿ. ಸಿಟ್ಟಿಗೆ ಮಾತ್ರ ಹೊಸ ದನಿ ಬೇಕಾಯಿತು! ಬೇಕೆಂದೇ ಹಾಗೆ ಮಾಡಿದರೋ, ಹಾಗೇ ಆಗಿಹೋಯಿತೋ, ಅದು ಬೇರೆ ಮಾತು. ಕೇಳುವವನಿಗಂತೂ ಒಬ್ಬನೇ ಹುಡುಗನೊಳಗೆ ಎರಡು ಕಾಲ ಕೂತಂತೆ ಕೇಳುತ್ತದೆ.

ಹಾವು ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ ಅನ್ನುವುದು ನಮ್ಮ ಕಡೆ ಅಜ್ಜಿಯರು ಹೇಳುವ ಮಾತು. ಹಾಡು ಆ ನಂಬಿಕೆಯಿಂದಲೇ ಶುರುವಾಗಿ, ನನ್ನ ಸಿಟ್ಟಿನ ಮುಂದೆ ಹಾವಿನದು ಯಾವ ಲೆಕ್ಕ ಅನ್ನುತ್ತದೆ. ಯಾಕೆ ಈ ಸಿಟ್ಟು? ರಾಮಾಚಾರಿ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದಿದ್ದಾನೆ, ಪ್ರಿನ್ಸಿಪಾಲರು ಎಲ್ಲರೆದುರು ಮರ್ಯಾದೆ ಕಳೆದಿದ್ದಾರೆ. ಅಷ್ಟೇ. ಬೇರೆ ಊರಿನವರು ಕೇಳಿದರೆ 'ಇಷ್ಟಕ್ಕೆ ಇಷ್ಟೊಂದಾ?' ಅಂತ ನಕ್ಕಾರು. ಆದರೆ ಹಾಡು ಹಿಡಿಸಿದ್ದು ಕಾಪಿ ಹೊಡೆದವರಿಗೆ ಮಾತ್ರ ಅಲ್ಲವಲ್ಲ. ಸಿಟ್ಟಿನ ಅಳತೆಗೂ ಕಾರಣದ ಅಳತೆಗೂ ತಾಳೆಯಾಗದೇ ಇರುವುದೇ ಅದರ ಗುಟ್ಟು ಅಂತ ನನಗನ್ನಿಸುತ್ತದೆ. ಹುಡುಗನಿಗೆ ಸಿಟ್ಟಿದೆ, ಯಾರ ಮೇಲೆ ಅನ್ನುವುದು ಸರಿಯಾಗಿ ಗೊತ್ತಿಲ್ಲ. ಸದ್ಯಕ್ಕೆ ಕೈಗೆ ಸಿಕ್ಕಿದ್ದು ಪ್ರಿನ್ಸಿಪಾಲರು.

ಆ ವರ್ಷಗಳನ್ನು ನೆನಪಿಸಿಕೊಳ್ಳಿ. 1972ರಲ್ಲಿ ಬರ, 1973ರಲ್ಲೂ ಬರ. ನಮ್ಮದಂತೂ ಮೊದಲೇ ಒಣ ಸೀಮೆ. ಹಿರಿಯೂರಿನ ಮಾರಿಕಣಿವೆಗೆ, ಅಂದರೆ ವಾಣಿವಿಲಾಸ ಸಾಗರಕ್ಕೆ, 1907ರಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದರು. ಅದು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ನಡುವಿನ 89 ವರ್ಷ ಕೆರೆಯ ಮಟ್ಟ ನೋಡಿಕೊಂಡೇ ಬದುಕಿದ ಸೀಮೆ ಇದು. ಇಲ್ಲಿ ಹುಡುಗ ಓದಿದರೆ ಹೊಲ ಬಿಡುತ್ತಾನೆ, ಓದಿ ಕೆಲಸ ಸಿಗದಿದ್ದರೆ ಹೊಲಕ್ಕೂ ವಾಪಸು ಹೋಗಲಾರ. ಅಂಥವನು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತು ಕೇಳಿದ ಹಾಡು ಇದು.

ಹಿಂದಿಯಲ್ಲಿ ಅಮಿತಾಭ್‌ರ 'ಜಂಜೀರ್' ಬಂದದ್ದು 1973ರಲ್ಲಿ. ಸಿಟ್ಟಿನ ಯುವಕ ಅಂದರೆ ದೇಶಕ್ಕೆಲ್ಲ ಅದೇ ನೆನಪು. ನಮ್ಮ ರಾಮಾಚಾರಿ ಅವನಿಗಿಂತ ಮುಂಚೆಯೇ ಕೋಟೆ ಬಂಡೆಗಳ ಮೇಲೆ ಓಡಾಡುತ್ತಿದ್ದ. ಹೆಮ್ಮೆಗೆ ಹೇಳುತ್ತಿಲ್ಲ (ಸ್ವಲ್ಪ ಹೆಮ್ಮೆ ಇದೆ, ಇರಲಿ). ವ್ಯತ್ಯಾಸ ಹೇಳಬೇಕು. 'ಜಂಜೀರ್' ನಾಯಕನಿಗೆ ಒಬ್ಬ ಖಳನಿದ್ದಾನೆ, ಹೊಡೆದರೆ ಕಥೆ ಮುಗಿಯುತ್ತದೆ. ರಾಮಾಚಾರಿಗೆ ಖಳನೇ ಇಲ್ಲ. ಅವನನ್ನು ಮುಗಿಸುವುದು ಅವನನ್ನು ಅತ್ಯಂತ ಪ್ರೀತಿಸುವ ಚಾಮಯ್ಯ ಮೇಷ್ಟ್ರು. ಅಲಮೇಲು ಬೇರೆ ಜಾತಿ, ಬಿಟ್ಟುಬಿಡು ಅಂತ ಮೇಷ್ಟ್ರು ಹೇಳಿದರು, ಇವನು ಬಿಟ್ಟ. ಅವಳ ಬಾಳು ಹಾಳಾಯಿತು. ಆಮೇಲೆ ಮಾರ್ಗರೆಟ್ ಬಂದಾಗ ಬೇರೆ ಧರ್ಮ ಅಂತ ಮತ್ತೆ ಅದೇ ಮಾತು. ಕೊನೆಗೆ ಬೆಟ್ಟದ ತುದಿಯಲ್ಲಿ ಮೂರು ಸಾವು.

ಅಂದರೆ ಹುಡುಗ ನೂರು ವರ್ಷಕ್ಕಾಗುವಷ್ಟು ಸಿಟ್ಟನ್ನು ಪ್ರಿನ್ಸಿಪಾಲರ ಮೇಲೆ ಖರ್ಚು ಮಾಡಿ, ತನ್ನನ್ನು ನಿಜವಾಗಿ ಕೊಂದ ಜಾತಿಯ ಎದುರು ಕೈಕಟ್ಟಿ 'ಆಗಲಿ ಮೇಷ್ಟ್ರೇ' ಅಂದ! ಚೀಟಿ ಕಳಿಸಿ ಹಾಡಿಸಿಕೊಳ್ಳುತ್ತಿದ್ದ ನಾವು ಇದನ್ನು ಗಮನಿಸಲೇ ಇಲ್ಲ. ಹಾಡು ಸಿಟ್ಟನ್ನು ಕೊಡುತ್ತದೆ, ವಿಳಾಸ ಕೊಡುವುದಿಲ್ಲ. ತ.ರಾ.ಸು. ಅವರಿಗೂ ಸಿನಿಮಾ ಸಮಾಧಾನ ತರಲಿಲ್ಲ, ಪುಟ್ಟಣ್ಣ ನಾಗರಹಾವನ್ನು ಕೆರೆಹಾವು ಮಾಡಿಬಿಟ್ಟರು ಎಂದು ಅವರು ಹೇಳಿದ್ದರೆಂಬ ಮಾತು ಈಗಲೂ ಓಡಾಡುತ್ತದೆ. ನನಗೆ ಹಾವು ಹಾವೇ ಅನ್ನಿಸುತ್ತದೆ, ಕಚ್ಚಿದ್ದು ಮಾತ್ರ ತಪ್ಪು ಕಾಲಿಗೆ.

ವಿಳಾಸ ಗೊತ್ತಿದ್ದ ಸಿಟ್ಟು ಆಗ ಇರಲಿಲ್ಲವೇ? ಇತ್ತು. ಸಿನಿಮಾ ಬಂದ ಮರುವರ್ಷವೇ, 1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ರಾಜ್ಯವೆಲ್ಲ ಗಲಾಟೆ, ಮಂತ್ರಿಗಿರಿ ಹೋಯಿತು. ಹಾಸ್ಟೆಲಿನ ದಲಿತ ಹುಡುಗರು ಪೆಟ್ಟು ತಿಂದರು, ತಿರುಗಿ ನಿಂತರು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದಕ್ಕೆ ಆರ್ಕೆಸ್ಟ್ರಾ ಬೇಕಿರಲಿಲ್ಲ, ಒಂದು ತಮಟೆ ಸಾಕಿತ್ತು. ಆ ಹಾಡುಗಳಿಗೆ ಯಾರ ಮೇಲೆ ಸಿಟ್ಟು, ಯಾಕೆ ಸಿಟ್ಟು ಅನ್ನುವುದು ಚೆನ್ನಾಗಿ ಗೊತ್ತಿತ್ತು. ಒಂದೇ ಕಾಲದ ಎರಡು ಸಿಟ್ಟು, ಎರಡು ಬೇರೆ ಬೇರೆ ಬೀದಿಯಲ್ಲಿ.

ಈಗ ಓಬವ್ವನ ಹಾಡಿಗೆ ಬರೋಣ. ಬರೆದವರು ಚಿ. ಉದಯಶಂಕರ್, ತೆರೆಯ ಮೇಲೆ ಜಯಂತಿ. ಕೋಟೆಯ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದ ಹೆಣ್ಣುಮಗಳನ್ನು ದುರ್ಗದಾಚೆಗೆ ಮನೆಮನೆಗೆ ತಲುಪಿಸಿದ್ದು ಬಹುಮಟ್ಟಿಗೆ ಈ ಹಾಡೇ. ನಮ್ಮೂರ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಮಾಡುತ್ತಿದೆ. ಸಂತೋಷ. ಓಬವ್ವ ಛಲವಾದಿ ಸಮುದಾಯದವಳು, ಕಹಳೆ ಊದುವ ಮುದ್ದಹನುಮನ ಹೆಂಡತಿ. ದಲಿತ ಹೆಣ್ಣುಮಗಳೊಬ್ಬಳ ಹಾಡನ್ನು ಇಡೀ ಊರು ಎದ್ದುನಿಂತು ಹಾಡುತ್ತದೆ, ಸತ್ತು ಇನ್ನೂರೈವತ್ತು ವರ್ಷವಾದ ಮೇಲೆ ತೊಂದರೆ ಇಲ್ಲ.

ಬದುಕಿರುವವರಿಗೆ? 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಆಗಿನ ಸಂಸದ ಎ. ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದಕ್ಕೆ ಹೋಗಿದ್ದರು. ಪಾವಗಡ ತುಮಕೂರು ಜಿಲ್ಲೆ, ಆದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಇರುವ ಇದೇ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು. ದಲಿತರು ಹಟ್ಟಿಯೊಳಗೆ ಬರುವ ಪದ್ಧತಿ ಇಲ್ಲ ಅಂತ ಕೆಲವರು ತಡೆದರು. ಕ್ಷೇತ್ರದ ಸಂಸದರೇ ಹೊರಗಿನಿಂದ ವಾಪಸಾದರು.

ಅದಕ್ಕೆ ಒಂದು ವರ್ಷ ಮೊದಲು, 2018ರಲ್ಲಿ, 'ನಾಗರಹಾವು' ಚಿತ್ರವನ್ನು ಡಿಜಿಟಲ್ ಮಾಡಿ ಮತ್ತೆ ಬಿಡುಗಡೆ ಮಾಡಿದ್ದರು. 'ಹಾವಿನ ದ್ವೇಷ' ಬಂದಾಗ ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ. ನಾನೂ ಹೊಡೆದೆ, ಸುಳ್ಳು ಯಾಕೆ. ಆಮೇಲೆ ಚಾಮಯ್ಯ ಮೇಷ್ಟ್ರು ಜಾತಿಯ ಮಾತೆತ್ತಿ ರಾಮಾಚಾರಿಯ ಮನಸ್ಸು ತಿರುಗಿಸುವ ದೃಶ್ಯ ಬಂತು. ಸಾಲಿನುದ್ದಕ್ಕೂ ಮೂಗು ಒರೆಸಿಕೊಳ್ಳುವ ಸದ್ದು. ಮೇಷ್ಟ್ರು ಹೇಳಿದ್ದು ತಪ್ಪು ಅಂತ ಕೂಗಿದವರು ಒಬ್ಬರೂ ಇರಲಿಲ್ಲ.