ಅಕಲೇಷಿಯ ರೋಗದ ಚಿಕಿತ್ಸೆ: ಒಂದು ಐತಿಹಾಸಿಕ ವಿವೇಚನೆ

ಉಂಡ ಅನ್ನವು ಗಂಟಲನ್ನು ದಾಟಿಯೂ ಜಠರವನ್ನು ಸೇರದೆ ನಡುದಾರಿಯಲ್ಲಿ ನಿಂತುಬಿಡುವ ಒಂದು ರೋಗವುಂಟು. ಅನ್ನನಾಳವು ಜಠರವನ್ನು ಕೂಡುವೆಡೆಯಲ್ಲಿ ಉಂಗುರದಂತೆ ಸುತ್ತಿಕೊಂಡಿರುವ ಸ್ನಾಯುವು ತುತ್ತು ಬಂದಾಗ ಸಡಿಲಬೇಕು. ಈ ರೋಗದಲ್ಲಿ ಅದು ಸಡಿಲುವುದಿಲ್ಲ; ಅನ್ನವನ್ನು ಕೆಳಕ್ಕೆ ನೂಕುವ ನಾಳದ ಅಲೆಯೂ ಅಡಗಿಹೋಗಿರುತ್ತದೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಈ ವಿರಳ ವ್ಯಾಧಿಗೆ ಅಕಲೇಷಿಯ ಎಂದು ಹೆಸರು. ಇದರ ಚಿಕಿತ್ಸೆಯ ಇತಿಹಾಸದಲ್ಲಿ ನಮ್ಮ ಗಮನವನ್ನು ಸೆಳೆದಿರುವ ಸಂಗತಿಗಳು ಎರಡು: ರೋಗದ ಸ್ವರೂಪವು ತಿಳಿಯುವುದಕ್ಕೆ ಬಹು ಮೊದಲೇ ಪರಿಹಾರವು ದೊರೆತದ್ದು, ಆ ಪರಿಹಾರದಿಂದಲೇ ಬರುವ ಕೇಡನ್ನು ವೈದ್ಯರು ಎರಡೆರಡು ಬಾರಿ ಕಲಿಯಬೇಕಾಗಿ ಬಂದದ್ದು.

ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ೧೬೭೪ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿ ಆಕ್ಸ್‌ಫರ್ಡಿನ ಒಬ್ಬ ರೋಗಿಯ ವೃತ್ತಾಂತವಿದೆ. ತಿಂದದ್ದೆಲ್ಲವೂ ಹಿಂದಕ್ಕೆ ಬರುತ್ತಿದ್ದುದರಿಂದ ಆತನು ಹಸಿವಿನಿಂದ ಸಾಯುವ ಸ್ಥಿತಿಯಲ್ಲಿದ್ದನು. ವಿಲ್ಲಿಸನು ತಿಮಿಂಗಿಲದ ಬಾಯಲ್ಲಿ ಬೆಳೆಯುವ ಬಳುಕುಪಟ್ಟಿಯಿಂದ ಒಂದು ಕಡ್ಡಿಯನ್ನು ಮಾಡಿ, ಅದರ ತುದಿಗೆ ಸ್ಪಂಜಿನ ಗುಂಡನ್ನು ಕಟ್ಟಿಕೊಟ್ಟನು. (ಇದನ್ನು ತಿಮಿಂಗಿಲದ ಮೂಳೆಯೆಂದು ಕರೆಯುವ ರೂಢಿಯಿದ್ದರೂ ಅದು ಮೂಳೆಯಲ್ಲ.) ರೋಗಿಯು ಉಂಡೊಡನೆ ಆ ಕಡ್ಡಿಯನ್ನು ತಾನೇ ನುಂಗಿ ಅನ್ನವನ್ನು ಜಠರಕ್ಕೆ ತಳ್ಳಿಕೊಳ್ಳುತ್ತಿದ್ದನು. ಹೀಗೆ ಆತನು ೧೫ ವರ್ಷ ಜೀವ ಹಿಡಿದನು. ಪ್ರತಿ ಊಟದಲ್ಲಿಯೂ ಇದನ್ನು ಮಾಡಿದವನ ಸೈರಣೆಯನ್ನು ನೆನೆದರೆ ವೈದ್ಯನಿಗಿಂತ ರೋಗಿಯೇ ದೊಡ್ಡವನೆಂದು ನಮಗೆ ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಿಕುಲಿಚ್ ಇದನ್ನು ‘ಕಾರ್ಡಿಯೊಸ್ಪಾಸಂ’, ಎಂದರೆ ಜಠರದ್ವಾರದ ಸೆಡೆತ, ಎಂದು ಕರೆದನು. ೧೯೧೩ರಲ್ಲಿ ಲೈಪ್‌ಜಿಗ್ ನಗರದಲ್ಲಿ ಅರ್ನ್ಸ್ಟ್ ಹೆಲ್ಲರ್ ಆ ಸ್ನಾಯುವನ್ನು ಮುಂದೆಯೂ ಹಿಂದೆಯೂ ಉದ್ದಕ್ಕೆ ಸೀಳಿ, ಒಳಗಿನ ಲೋಳೆಪೊರೆಯನ್ನು ಮಾತ್ರ ಮುಟ್ಟದೆ ಬಿಟ್ಟನು. ಮುಂದಿನ ಸೀಳೊಂದೇ ಸಾಕೆಂಬುದು ಅನಂತರ ತಿಳಿಯಿತು. ಸೆಡೆತವೆಂಬ ಹೆಸರೇ ತಪ್ಪು, ಸ್ನಾಯುವು ಬಿಗಿಯುವುದಲ್ಲ, ಸಡಿಲಲಾರದು ಎಂದು ವಾದಿಸಿದವನು ಲಂಡನ್ನಿನ ಆರ್ಥರ್ ಹರ್ಸ್ಟ್. ಗ್ರೀಕಿನಿಂದ ಬಂದ ಅಕಲೇಷಿಯ ಎಂಬ ಪದಕ್ಕೆ ‘ಸಡಿಲದಿರುವಿಕೆ’ ಎಂದೇ ಅರ್ಥ. ೧೯೩೦ರಲ್ಲಿ ಅವನೂ ರೇಕ್ ಎಂಬವನೂ ನಾಳದ ಗೋಡೆಯೊಳಗಿನ ನರಜಾಲವು ನಶಿಸಿರುವುದನ್ನು ವಿವರಿಸಿದರು. ಹೀಗೆ ಹೆಲ್ಲರನ ಕತ್ತಿಯು ಸಿದ್ಧಾಂತಕ್ಕಿಂತ ಮುಂದೆ ನಡೆದಿತ್ತು.

ಆದರೆ ಹೆಲ್ಲರನ ಮಿತವಾದ ಸೀಳು ಕೆಲವರಿಗೆ ಸಾಲದೆನಿಸಿತು. ಅವರು ದ್ವಾರವನ್ನೇ ಅಗಲಿಸಿ, ಇಲ್ಲವೆ ನಾಳವನ್ನು ಜಠರಕ್ಕೆ ಬೇರೊಂದು ಕಡೆ ಜೋಡಿಸಿ, ಅನ್ನಕ್ಕೆ ಹೆದ್ದಾರಿಯನ್ನೇ ಮಾಡಿಕೊಟ್ಟರು. ಅನ್ನವೇನೋ ಇಳಿಯಿತು, ಆದರೆ ತಡೆಯಿಲ್ಲದ ದಾರಿಯಲ್ಲಿ ಜಠರದ ಆಮ್ಲವು ಮೇಲೇರಿ ನಾಳವನ್ನು ಹುಣ್ಣಾಗಿಸಿತು. ೧೯೪೯ರಲ್ಲಿ ಬ್ಯಾರೆಟ್ ಮತ್ತು ಫ್ರಾಂಕ್ಲಿನ್ ಈ ದುಷ್ಫಲಗಳನ್ನು ಬಹಿರಂಗಪಡಿಸಿದರು. ೧೯೬೨ರಲ್ಲಿ ಫ್ರಾನ್ಸಿನ ಡೋರ್, ಹೆಲ್ಲರನ ಸೀಳಿನ ಮೇಲೆ ಜಠರದ ಒಂದು ಮಡಿಕೆಯನ್ನು ಹೊದಿಸಿ ಆಮ್ಲಕ್ಕೆ ತಡೆಯೊಡ್ಡುವ ಕ್ರಮವನ್ನು ಸೂಚಿಸಿದನು.

ಅನಂತರದ ಕಥೆ ಬಹುಮಟ್ಟಿಗೆ ಉಪಕರಣಗಳದು. ೧೯೯೧ರಲ್ಲಿ ಅದೇ ಸೀಳನ್ನು ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ಮಾಡಿದರು. ಬೊಟುಲಿನಂ ವಿಷದ ಚುಚ್ಚುಮದ್ದಿನ ಫಲ ಕೆಲವು ತಿಂಗಳುಗಳದು. ಶಸ್ತ್ರಕ್ರಿಯೆಯನ್ನು ತಾಳಲಾರದವರಿಗೆ ಅದು ಉಪಯುಕ್ತ. ಗಾಳಿಬುಗ್ಗೆಯಿಂದ ದ್ವಾರವನ್ನು ಹಿಗ್ಗಿಸುವ ಕ್ರಮವನ್ನು ಶಸ್ತ್ರಕ್ರಿಯೆಯೊಡನೆ ಹೋಲಿಸಿದ ಯುರೋಪಿನ ಅಧ್ಯಯನವು ೨೦೧೧ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ತರುವಾಯ ಮೊದಲನೆಯದರಿಂದ ಶೇಕಡ ೮೬, ಎರಡನೆಯದರಿಂದ ಶೇಕಡ ೯೦ ರೋಗಿಗಳು ಗುಣ ಕಂಡಿದ್ದರು. ಈ ಅಂತರವು ಗಣ್ಯವಲ್ಲ.

೨೦೦೮ರಲ್ಲಿ ಜಪಾನಿನ ಹರುಹಿರೊ ಇನೌಎ ಹೊಟ್ಟೆಯನ್ನು ಮುಟ್ಟದೆ, ಬಾಯಿಯ ಮೂಲಕ ದರ್ಶಕ ನಳಿಕೆಯನ್ನಿಳಿಸಿ, ಲೋಳೆಪೊರೆಯ ಅಡಿಯಲ್ಲಿ ಸುರಂಗ ತೋಡಿ ಸ್ನಾಯುವನ್ನು ಕತ್ತರಿಸಿದನು. ಸೀಳನ್ನು ಬೇಕಾದಷ್ಟು ಮೇಲಕ್ಕೆ ಒಯ್ಯಬಹುದಾದುದರಿಂದ, ನಾಳದ ಸ್ನಾಯುವೂ ಸೆಡೆಯುವ ಬಗೆಯ ರೋಗಕ್ಕೆ ಇದು ಹೆಚ್ಚು ಅನುಕೂಲ. ಆದರೆ ಇದರಲ್ಲಿ ಡೋರನ ಮಡಿಕೆಗೆ ಅವಕಾಶವಿರಲಿಲ್ಲ. ೨೦೧೯ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಎರಡು ವರ್ಷಗಳ ಗುಣವು ಹೆಚ್ಚುಕಡಮೆ ಸಮವಾಗಿದ್ದಿತು. ಆದರೆ ಮೂರು ತಿಂಗಳಲ್ಲಿ ಆಮ್ಲದಿಂದ ನಾಳವು ಉರಿತಗೊಂಡವರು ಹೊಸ ಕ್ರಮದಲ್ಲಿ ಶೇಕಡ ೫೭, ಮಡಿಕೆಯೊಡನೆ ಮಾಡಿದ ಹಳೆಯ ಕ್ರಮದಲ್ಲಿ ಶೇಕಡ ೨೦. ಇಂದು ಆಮ್ಲವನ್ನು ತಗ್ಗಿಸುವ ಔಷಧಗಳಿರುವುದರಿಂದ ೧೯೪೯ರ ದುರವಸ್ಥೆಯು ಮರುಕಳಿಸಿಲ್ಲವೆಂಬುದು ನಿಜ. ಆದರೂ ಕಿರಿಯ ವಯಸ್ಸಿನ ರೋಗಿಗೆ ಈ ಕ್ರಮವನ್ನು ಸೂಚಿಸುವ ಮೊದಲು ದೀರ್ಘಕಾಲದ ಔಷಧಸೇವನೆಯ ಮಾತನ್ನು ತಿಳಿಸಿಹೇಳುವುದು ನ್ಯಾಯವೆಂದು ನಾವು ಭಾವಿಸುತ್ತೇವೆ.

ಈ ಯಾವ ಕ್ರಮವೂ ಸತ್ತ ನರಜಾಲವನ್ನು ಬದುಕಿಸುವುದಿಲ್ಲ. ದ್ವಾರವು ತೆರೆದ ಮೇಲೆ ಅನ್ನವು ಬಹುಪಾಲು ತನ್ನ ಭಾರದಿಂದಲೇ ಇಳಿಯಬೇಕು. ಆದುದರಿಂದಲೇ ರೋಗಿಯು ನೆಟ್ಟಗೆ ಕುಳಿತು, ತುತ್ತಿನ ಹಿಂದೆ ನೀರು ಕುಡಿಯುತ್ತಾನೆ. ಅನ್ನವನ್ನು ಹಿಂದಿನಿಂದ ನೂಕುವ ಕೆಲಸವನ್ನು ಮಾಡಿದ್ದು ವಿಲ್ಲಿಸನ ಕಡ್ಡಿಯೊಂದೇ.