ಊಟಿಯಲ್ಲಿ ಭಾನುವಾರದ ಆರಾಧನೆ: ಚರ್ಚು ಅರಸುವ ಕನ್ನಡಿಗರಿಗೊಂದು ಕೈಪಿಡಿ

ಕನ್ನಡಿಗರ ಬಾಯಲ್ಲಿ ಊಟಿ ಎನಿಸಿರುವ ನೀಲಗಿರಿಯ ಉದಕಮಂಡಲವು ಮೈಸೂರು, ಚಾಮರಾಜನಗರ ಸೀಮೆಯವರಿಗೆ ಅತ್ಯಂತ ಪರಿಚಿತವಾದ ಗಿರಿಧಾಮ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಈ ಪಟ್ಟಣದ ಚರ್ಚುಗಳು ಪ್ರವಾಸಿಗರ ಪಟ್ಟಿಯಲ್ಲಿ ನೋಡತಕ್ಕ ಸ್ಥಳಗಳಾಗಿ ಕಾಣಿಸಿಕೊಳ್ಳುತ್ತವೆ. ಆದರೆ ವರ್ಗಾವಣೆಯ ಮೇಲೆ ಬಂದ ನೌಕರರು, ವಸತಿ ಶಾಲೆಗಳಲ್ಲಿ ಮಕ್ಕಳನ್ನು ಬಿಟ್ಟಿರುವ ಪೋಷಕರು, ವಿಶ್ರಾಂತಿಗಾಗಿ ಬಂದು ತಂಗುವ ಹಿರಿಯರು ಮೊದಲಾದ ಕ್ರೈಸ್ತರಿಗೆ ಬೇಕಾಗುವುದು ಕಟ್ಟಡದ ವಯಸ್ಸಲ್ಲ. ಭಾನುವಾರ ಬೆಳಿಗ್ಗೆ ತಾವು ಕುಳಿತು ಪ್ರಾರ್ಥಿಸಬಹುದಾದ, ಕಷ್ಟಕಾಲದಲ್ಲಿ ತಮ್ಮನ್ನು ವಿಚಾರಿಸಿಕೊಳ್ಳುವ ಒಂದು ಸಭೆ. ಅಂಥವರ ಅನುಕೂಲಕ್ಕಾಗಿ ಈ ಲೇಖನ.

ಹೊಸಬರು ಮೊದಲು ನಿಶ್ಚಯಿಸಿಕೊಳ್ಳಬೇಕಾದ ಸಂಗತಿಗಳು ಮೂರು: ಪಂಗಡ, ಭಾಷೆ ಮತ್ತು ವೇಳೆ. ಇವು ತಿಳಿಯದೆ ಹೆಸರಾಂತ ಚರ್ಚಿಗೆ ಹೊರಟವರು ಕೆಲವೊಮ್ಮೆ ಆರಾಧನೆ ಮುಗಿದ ಮೇಲೆ ಬಾಗಿಲಿಗೆ ತಲಪುವುದುಂಟು.

ಊರು ಮತ್ತು ಸರೋವರ

ಊಟಿಯ ಸರೋವರವು ನೈಸರ್ಗಿಕವಾದುದಲ್ಲ. ಕೊಯಮತ್ತೂರಿನ ಕಲೆಕ್ಟರರಾಗಿದ್ದ ಜಾನ್ ಸಲಿವನ್ 1823ರಿಂದ 1825ರ ಅವಧಿಯಲ್ಲಿ ಬೆಟ್ಟದ ತೊರೆಗಳಿಗೆ ಅಡ್ಡಕಟ್ಟೆ ಹಾಕಿಸಿ ಇದನ್ನು ನಿರ್ಮಿಸಿದರು. ಆಗಿನ ಕೆರೆಯು ಇಂದಿಗಿಂತ ಬಹಳ ವಿಸ್ತಾರವಾಗಿತ್ತು. ಈಗಿನ ಬಸ್ ನಿಲ್ದಾಣ, ಕುದುರೆ ಪಂದ್ಯದ ಮೈದಾನ ಮುಂತಾದವು ಒಂದು ಕಾಲದ ಕೆರೆಯಂಗಳದಲ್ಲಿವೆ. ಕೆರೆಯ ಸುತ್ತಣ ದಿಣ್ಣೆಗಳ ಮೇಲೆ ಆಂಗ್ಲರ ಬಂಗಲೆಗಳೂ ಅವುಗಳ ನಡುವೆ ಚರ್ಚುಗಳೂ ಎದ್ದವು. ಆದುದರಿಂದ ಹಳೆಯ ಚರ್ಚುಗಳಲ್ಲಿ ಅನೇಕವು ತಗ್ಗಿನಲ್ಲಿರದೆ ಏರಿನಲ್ಲಿವೆ. ವೃದ್ಧರನ್ನು ಕರೆದೊಯ್ಯುವವರು ಆಟೋರಿಕ್ಷಾ ಮಾಡಿಕೊಳ್ಳುವುದು ಲೇಸು.

ಪಂಗಡವನ್ನು ಗುರುತಿಸುವ ಬಗೆ

ಪ್ರಾಟೆಸ್ಟೆಂಟರಿಗೆ ಇಲ್ಲಿ ಮುಖ್ಯವಾದುದು ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಈ ಸಭೆ ಅಸ್ತಿತ್ವಕ್ಕೆ ಬಂದಿತು. ನೀಲಗಿರಿ ಜಿಲ್ಲೆಯು ಅದರ ಕೊಯಮತ್ತೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. ಕರ್ನಾಟಕದ ಮಧ್ಯ, ಉತ್ತರ, ದಕ್ಷಿಣ ಧರ್ಮಪ್ರಾಂತ್ಯಗಳ ಸದಸ್ಯರು ಇಲ್ಲಿ ಪರಕೀಯರಲ್ಲ. ಧರ್ಮಪ್ರಾಂತ್ಯ ಬೇರೆಯಾದರೂ ಸಭೆ ಒಂದೇ. ಉತ್ತರ ಭಾರತ ಸಭೆ ಹಾಗೂ ಮಾರ್ ತೋಮಾ ಸಭೆಗಳು ಸಿ.ಎಸ್.ಐ.ನೊಡನೆ ಪೂರ್ಣ ಸಹಭಾಗಿತ್ವ ಹೊಂದಿರುವುದರಿಂದ ಆ ಸಭೆಗಳವರಿಗೂ ಕರ್ತನ ಭೋಜನದಲ್ಲಿ ಪಾಲುಗೊಳ್ಳಲು ಅಡ್ಡಿಯಿಲ್ಲ. ಕರ್ನಾಟಕದ ಬೀದರ, ಕೋಲಾರ ಮೊದಲಾದೆಡೆಯ ಮೆಥಡಿಸ್ಟರಲ್ಲಿ ಅಮೆರಿಕನ್ ಮೂಲದ ಸಭೆಗೆ ಸೇರಿದವರು 1947ರ ಐಕ್ಯತೆಯಲ್ಲಿ ಸೇರಿರಲಿಲ್ಲ. ಅಂಥವರು ಸಭಾಪಾಲಕರೊಡನೆ ಮೊದಲೇ ಒಂದು ಮಾತು ಆಡುವುದು ಒಳ್ಳೆಯದು.

ಕ್ಯಾಥೋಲಿಕರಿಗೆ ಊಟಿಯೇ ಧರ್ಮಪ್ರಾಂತ್ಯದ ಕೇಂದ್ರ. ಊಟಿ ಧರ್ಮಪ್ರಾಂತ್ಯವು 1955ರ ಜುಲೈ 3ರಂದು ರಚನೆಯಾಯಿತು. ಅದನ್ನು ಬೇರ್ಪಡಿಸಿದುದು ಮೈಸೂರು ಧರ್ಮಪ್ರಾಂತ್ಯದಿಂದ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಇಲ್ಲಿನ ಪ್ರಥಮ ಧರ್ಮಾಧ್ಯಕ್ಷರಾದ ಆಂಟನಿ ಪಡಿಯರ ಅವರು ಮುಂದೆ ಕಾರ್ಡಿನಲ್ ಪದವಿಗೇರಿದರು.

ಸಂತ ಸ್ಟೀಫನರ ಚರ್ಚು

ಮೈಸೂರು ರಸ್ತೆಯ ಬದಿಯಲ್ಲಿರುವ ಇದು ನೀಲಗಿರಿಯ ಅತಿ ಹಳೆಯ ಚರ್ಚುಗಳಲ್ಲೊಂದು. ಮದರಾಸಿನ ಗವರ್ನರರಾಗಿದ್ದ ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್ 1829ರ ಏಪ್ರಿಲ್ 23ರಂದು ಇದಕ್ಕೆ ಅಡಿಗಲ್ಲಿಟ್ಟರು. ಕಟ್ಟಡದ ಹೊಣೆ ಹೊತ್ತವರು ಕ್ಯಾಪ್ಟನ್ ಜಾನ್ ಜೇಮ್ಸ್ ಅಂಡರ್‌ವುಡ್. 1830ರ ನವೆಂಬರ್ 5ರಂದು ಕಲ್ಕತ್ತೆಯ ಬಿಷಪ್ ಜಾನ್ ಮಥಾಯಸ್ ಟರ್ನರ್ ಇದನ್ನು ಪ್ರತಿಷ್ಠಾಪಿಸಿದರು. 1831ರ ಏಪ್ರಿಲ್ 3ರ ಈಸ್ಟರ್ ಭಾನುವಾರ ಸಾರ್ವಜನಿಕ ಆರಾಧನೆಗೆ ತೆರೆಯಿತು.

ಇದರ ತೊಲೆಗಳು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪು ಸುಲ್ತಾನನ ಲಾಲ್ ಮಹಲ್ ಅರಮನೆಯಿಂದ ಬಂದವು. ಅವನ್ನು ಆನೆಗಳಿಂದ ಘಟ್ಟದ ಮೇಲಕ್ಕೆ ಎಳೆಸಿದರೆಂಬುದು ಪ್ರತೀತಿ. ಹಿಂಭಾಗದ ದಿಣ್ಣೆಯ ಸ್ಮಶಾನದಲ್ಲಿ ಸಲಿವನ್ನರ ಪತ್ನಿ ಹೆನ್ರಿಯೆಟಾ ಮತ್ತು ಅವರ ಮಗಳ ಸಮಾಧಿಗಳಿವೆ. ಆಂಗ್ಲಿಕನ್ ಪರಂಪರೆಯ ಈ ಚರ್ಚು 1947ರಿಂದ ಸಿ.ಎಸ್.ಐ.ಗೆ ಸೇರಿದೆ. ಇಂಗ್ಲಿಷ್ ಆರಾಧನೆಯನ್ನು ಅರಸುವವರು ಮೊದಲು ವಿಚಾರಿಸಬೇಕಾದುದು ಇಲ್ಲಿಯೇ.

ಪ್ರವಾಸಿಗರ ದಟ್ಟಣೆ ಇಲ್ಲಿ ಹೆಚ್ಚು. ಆರಾಧನೆಗೆ ಬರುವವರು ಹದಿನೈದು ನಿಮಿಷ ಮುಂಚಿತವಾಗಿ ಬಂದು ಒಳಗೆ ಕುಳಿತುಕೊಳ್ಳುವುದು ಉತ್ತಮ. ನೋಡಲು ಬಂದವರು ಆರಾಧನೆ ನಡೆಯುವ ಹೊತ್ತಿನಲ್ಲಿ ಛಾಯಾಚಿತ್ರ ತೆಗೆಯದೆ ಹೊರಗೆ ಕಾಯುವುದು ಸೌಜನ್ಯ.

ಸಂತ ಥಾಮಸರ ಚರ್ಚು

ಸರೋವರಕ್ಕೆ ಅತಿ ಸಮೀಪದ ಹಳೆಯ ಚರ್ಚು ಇದು. ಊರು ಬೆಳೆದು ಸಂತ ಸ್ಟೀಫನರ ಚರ್ಚಿನಲ್ಲಿ ಸ್ಥಳ ಸಾಲದೆ ಹೋದಾಗ 1867ರಲ್ಲಿ ಇದಕ್ಕೆ ಅಡಿಗಲ್ಲು ಹಾಕಲಾಯಿತು. ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಬಂದಿಳಿದವರಿಗೆ ಅನುಕೂಲವಾದ ಸ್ಥಳ. 1881ರ ಮೇ ತಿಂಗಳಲ್ಲಿ ಊಟಿಯಲ್ಲಿ ತೀರಿಕೊಂಡ ಮದರಾಸಿನ ಗವರ್ನರ್ ವಿಲಿಯಂ ಪ್ಯಾಟ್ರಿಕ್ ಆಡಮ್ ಅವರ ಸಮಾಧಿ ಇಲ್ಲಿದೆ. ಸ್ವಾಮಿ ವಿವೇಕಾನಂದರ ಉಪನ್ಯಾಸಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಉಳಿಸಿಕೊಟ್ಟ ಜೊಸಾಯ ಜಾನ್ ಗುಡ್ವಿನ್ 1898ರ ಜೂನ್ 2ರಂದು ಊಟಿಯಲ್ಲಿ ನಿಧನರಾದರು. ಅವರನ್ನು ಮಣ್ಣುಮಾಡಿದುದೂ ಇಲ್ಲಿನ ಸ್ಮಶಾನದಲ್ಲಿಯೇ. ಇದೂ ಸಿ.ಎಸ್.ಐ.ಗೆ ಸೇರಿದ ಚರ್ಚು.

ತಮಿಳು ಆರಾಧನೆಗೆ ಹೋಗಬಯಸುವವರು ಊರೊಳಗಿನ ಹೋಲಿ ಟ್ರಿನಿಟಿ ಚರ್ಚನ್ನು ವಿಚಾರಿಸಬಹುದು. ಪ್ರವಾಸಿಗರು ಕಡಿಮೆ, ಊರವರು ಹೆಚ್ಚು. ಕೆಲವು ವರ್ಷ ಊಟಿಯಲ್ಲಿ ನೆಲಸಲಿರುವ ಕುಟುಂಬಗಳಿಗೆ ಪರಿಚಯ, ನೆರವು, ಮಕ್ಕಳ ಭಾನುವಾರ ಶಾಲೆ ಇವೆಲ್ಲ ಇಂಥ ಸಭೆಗಳಲ್ಲಿ ಬೇಗ ಒದಗುತ್ತವೆ.

ಕ್ಯಾಥೋಲಿಕ್ ದೇವಾಲಯಗಳು

ಯೇಸುವಿನ ಪವಿತ್ರ ಹೃದಯದ ಪ್ರಧಾನಾಲಯವು ಧರ್ಮಾಧ್ಯಕ್ಷರ ಪೀಠ. ಇದರೊಡನೆ ಬೆಟ್ಟದ ಮೇಲಣ ಸಂತ ಮೇರಿಯವರ ದೇವಾಲಯವೂ ಕಾಂದಲ್ ಬಡಾವಣೆಯ ಪವಿತ್ರ ಶಿಲುಬೆಯ ಪುಣ್ಯಕ್ಷೇತ್ರವೂ ಪ್ರಸಿದ್ಧ. ಕಾಂದಲ್‌ನಲ್ಲಿ ಯೇಸುವಿನ ಶಿಲುಬೆಯದೆಂದು ಪೂಜ್ಯವಾದ ಮರದ ತುಣುಕನ್ನು ಇರಿಸಲಾಗಿದೆ. ಮೇ 3ರ ಹಬ್ಬಕ್ಕೆ ದೂರದೂರುಗಳಿಂದ ಭಕ್ತರು ನೆರೆಯುತ್ತಾರೆ. ಆ ಸಮಯ ಬೇಸಿಗೆಯ ಪ್ರವಾಸಿ ಋತುವೂ ಆಗಿರುವುದರಿಂದ ವಸತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಪ್ರಯಾಣಿಕರಿಗೆ ಉಪಯುಕ್ತವಾದ ಎರಡು ನಿಯಮಗಳನ್ನು ಇಲ್ಲಿ ಹೇಳಬೇಕು. ಕ್ಯಾಥೋಲಿಕ್ ಧರ್ಮಸಭೆಯ ಕಾನೂನಿನಂತೆ ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಪೂರ್ಣವಾಗುತ್ತದೆ. ಬಲಿಪೂಜೆಯು ಯಾವ ಕ್ಯಾಥೋಲಿಕ್ ವಿಧಿಯದಾದರೂ ಆಗಬಹುದು. ಲ್ಯಾಟಿನ್ ವಿಧಿಯವರು ಸಿರೊ ಮಲಬಾರ್ ವಿಧಿಯ ಮಲಯಾಳಂ ಪೂಜೆಗೆ ಹೋದರೂ ಸಾಕು. ಪರಮಪ್ರಸಾದವನ್ನು ಸ್ವೀಕರಿಸುವುದು ಮಾತ್ರ ಸಾಮಾನ್ಯವಾಗಿ ಕ್ಯಾಥೋಲಿಕರಿಗೆ ಸೀಮಿತ. ಇತರ ಸಭೆಗಳವರು ಪೂಜೆಯಲ್ಲಿ ಕುಳಿತು ಪ್ರಾರ್ಥಿಸಲು ಯಾರ ಆಕ್ಷೇಪವೂ ಇರುವುದಿಲ್ಲ.

ಕನ್ನಡದ ಮಾತು

ಊಟಿಯಲ್ಲಿ ಆರಾಧನೆ ನಡೆಯುವುದು ಮುಖ್ಯವಾಗಿ ತಮಿಳು ಮತ್ತು ಇಂಗ್ಲಿಷಿನಲ್ಲಿ. ಕನ್ನಡದ ಆರಾಧನೆ ಸಿಕ್ಕೀತೆಂಬ ಎಣಿಕೆಯಿಂದ ಹೊರಡಬಾರದು. ಆದರೂ ನೀಲಗಿರಿಯ ಕ್ರೈಸ್ತ ಚರಿತ್ರೆಯಲ್ಲಿ ಕನ್ನಡಕ್ಕೆ ಗಣ್ಯವಾದ ಸ್ಥಾನವುಂಟು. ಬಾಸೆಲ್ ಮಿಷನ್ 1846ರಲ್ಲಿ ಊಟಿಗೆ ಸಮೀಪದ ಕೇತಿ ಕಣಿವೆಯಲ್ಲಿ ತನ್ನ ಠಾಣ್ಯವನ್ನು ಸ್ಥಾಪಿಸಿತು. ಅಲ್ಲಿ ನೆಲಸಿದ್ದ ನಿವೃತ್ತ ಅಧಿಕಾರಿ ಜಾರ್ಜ್ ಜೇಮ್ಸ್ ಕಾಸಮೇಜರ್ ಅವರ ಔದಾರ್ಯ ಇದಕ್ಕೆ ಆಸರೆಯಾಯಿತು. ಬೆಟ್ಟದ ಬಡಗರ ನುಡಿ ಕನ್ನಡಕ್ಕೆ ಹತ್ತಿರವಾದುದರಿಂದ ಮಿಷನರಿಗಳು ಶಾಲೆಗಳಲ್ಲಿಯೂ ಉಪದೇಶದಲ್ಲಿಯೂ ಕನ್ನಡವನ್ನು ಬಳಸಿದರು. ಕನ್ನಡ ಸತ್ಯವೇದದ ಭಾಷಾಂತರಕ್ಕಾಗಿ ದುಡಿದ ಗಾಟ್‌ಫ್ರೀಡ್ ವೈಗ್ಲೆ ಕೇತಿಯಲ್ಲಿ ಕೆಲಸ ಮಾಡಿದವರು. 1890ರಲ್ಲಿ ಲೂಕನ ಸುವಾರ್ತೆಯು ಬಡಗ ನುಡಿಯಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಯಿತು.

ತಮಿಳು ಬಾರದವರು ಎದೆಗುಂದಬೇಕಾಗಿಲ್ಲ. ಸಿ.ಎಸ್.ಐ. ಆರಾಧನಾಕ್ರಮವಾಗಲಿ ಕ್ಯಾಥೋಲಿಕ್ ಬಲಿಪೂಜೆಯಾಗಲಿ ಭಾಷೆ ಬದಲಾದರೂ ಕ್ರಮದಲ್ಲಿ ಬದಲಾಗುವುದಿಲ್ಲ. ಪಾಪನಿವೇದನೆ, ಪಾಠಗಳು, ಪ್ರಸಂಗ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಎಲ್ಲಿ ಬರುತ್ತವೆಂಬುದು ಅಭ್ಯಾಸವಿರುವವರಿಗೆ ತಾನಾಗಿ ತಿಳಿಯುತ್ತದೆ. ಕನ್ನಡ ಸತ್ಯವೇದವನ್ನೂ ಕೀರ್ತನೆಗಳ ಪುಸ್ತಕವನ್ನೂ ಜೊತೆಯಲ್ಲಿ ಒಯ್ದರೆ ಆ ದಿನದ ಪಾಠಗಳನ್ನು ತಮ್ಮ ನುಡಿಯಲ್ಲಿ ಓದಿಕೊಳ್ಳಬಹುದು. ಪ್ರಸಂಗ ಮಾತ್ರ ಅರ್ಥವಾಗದೆ ಹೋದೀತು. ದೀರ್ಘಕಾಲ ನೆಲಸುವ ಕುಟುಂಬಗಳು ಮನೆಯ ಸಂಜೆ ಪ್ರಾರ್ಥನೆಯನ್ನು ಕನ್ನಡದಲ್ಲಿಯೇ ಉಳಿಸಿಕೊಂಡರೆ ಮಕ್ಕಳು ತಮ್ಮ ಪ್ರಾರ್ಥನೆಯ ನುಡಿಯನ್ನು ಮರೆಯುವುದಿಲ್ಲ.

ವೇಳೆ ತಿಳಿಯುವ ದಾರಿ

ಅಂತರಜಾಲದಲ್ಲಿ ಕಾಣುವ ವೇಳಾಪಟ್ಟಿಗಳು ಎಷ್ಟೋ ಸಲ ಹಳೆಯವಾಗಿರುತ್ತವೆ. ಶನಿವಾರವೇ ಚರ್ಚಿನ ಬಳಿ ಹೋಗಿ ದ್ವಾರದ ಫಲಕವನ್ನು ನೋಡಿ ಬರುವುದು ಅತ್ಯಂತ ನಂಬಲರ್ಹವಾದ ದಾರಿ. ಚರ್ಚಿನ ಕಚೇರಿ ಮುಚ್ಚಿದ್ದರೆ ಕಾವಲುಗಾರರನ್ನಾಗಲಿ ಹತ್ತಿರದ ಅಂಗಡಿಯವರನ್ನಾಗಲಿ ಕೇಳಿದರೆ ತಿಳಿಯುತ್ತದೆ. ಕ್ರಿಸ್‌ಮಸ್, ಶುಭ ಶುಕ್ರವಾರ, ಈಸ್ಟರ್ ಸಮಯದಲ್ಲಿ ವೇಳೆಗಳು ಬದಲಾಗುವುದರಿಂದ ಪ್ರತ್ಯೇಕವಾಗಿ ವಿಚಾರಿಸಬೇಕು.

ಪಾದರಕ್ಷೆಗಳನ್ನು ಹೊರಗೆ ಬಿಡುವ ಪದ್ಧತಿ ಕೆಲವೆಡೆ ಇದೆ, ಕೆಲವೆಡೆ ಇಲ್ಲ. ಬಾಗಿಲಲ್ಲಿ ಇತರರು ಮಾಡುವಂತೆ ಮಾಡಿದರಾಯಿತು. ಮುಂಜಾನೆಯ ಚಳಿಗೆ ಉಣ್ಣೆಯ ಉಡುಪು ಎಲ್ಲ ಋತುಗಳಲ್ಲಿಯೂ ಅವಶ್ಯ.

ನೆಲಸಲು ಬಂದವರಿಗೆ

ಸಿ.ಎಸ್.ಐ. ಸದಸ್ಯರು ಊರು ಬಿಡುವಾಗಲೇ ತಮ್ಮ ಸಭಾಪಾಲಕರಿಂದ ಸದಸ್ಯತ್ವದ ವರ್ಗಾವಣೆ ಪತ್ರ ತರುವುದು ಸೂಕ್ತ. ಕ್ಯಾಥೋಲಿಕರು ಜ್ಞಾನಸ್ನಾನದ ಪ್ರಮಾಣಪತ್ರದ ಪ್ರತಿಯನ್ನು ಜೊತೆಗಿಟ್ಟುಕೊಳ್ಳಬೇಕು. ಮಕ್ಕಳ ಪ್ರಥಮ ಪರಮಪ್ರಸಾದ, ದೃಢೀಕರಣ, ವಿವಾಹ ಮುಂತಾದವಕ್ಕೆ ಇದನ್ನು ಕೇಳುತ್ತಾರೆ. ಈ ಪತ್ರಗಳ ಬೆಲೆ ತಿಳಿಯುವುದು ಕಷ್ಟ ಬಂದಾಗ. ಅಸ್ವಸ್ಥರಿಗೆ ಮನೆಯಲ್ಲಿ ಪ್ರಾರ್ಥನೆ ಬೇಕಾದಾಗ, ಅಕಸ್ಮಾತ್ ಸಾವು ಸಂಭವಿಸಿ ಪರ ಊರಿನಲ್ಲಿ ಅಂತ್ಯಕ್ರಿಯೆ ನಡೆಸಬೇಕಾದಾಗ, ಯಾವ ಸಭೆಯ ದಾಖಲೆಯಲ್ಲಿಯೂ ಹೆಸರಿಲ್ಲದ ಕುಟುಂಬವು ಪೇಚಿಗೆ ಸಿಲುಕುತ್ತದೆ. ಆದುದರಿಂದ ಮೊದಲ ಭಾನುವಾರವೇ ಆರಾಧನೆ ಮುಗಿದೊಡನೆ ಹೊರಟುಬಿಡದೆ ಸಭಾಪಾಲಕರನ್ನೋ ಗುರುಗಳನ್ನೋ ಕಂಡು ಹೆಸರು, ಊರು, ಬಿಡಾರದ ವಿಳಾಸ ಹೇಳಬೇಕು.

ಪ್ರಯಾಣದ ಸೂಚನೆ

ಮೈಸೂರಿನಿಂದ ಗುಂಡ್ಲುಪೇಟೆಯ ಮಾರ್ಗವಾಗಿ ಬರುವವರು ಬಂಡೀಪುರ ಅರಣ್ಯದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿರುವುದನ್ನು ಗಮನದಲ್ಲಿಡಬೇಕು. ಮುಂಜಾನೆಯ ಆರಾಧನೆಗೆ ಅದೇ ದಿನ ಮೈಸೂರಿನಿಂದ ಬಂದು ತಲಪುವುದು ಇದರಿಂದ ಸಾಧ್ಯವಾಗದು. ಶನಿವಾರವೇ ಬಂದು ತಂಗುವುದು ಅನಿವಾರ್ಯ. ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಜಾರಿಗೆ ಬಂದಿತು. ಹೊರಡುವ ಮುನ್ನ ಆ ಕುರಿತ ನಿಯಮಗಳನ್ನು ವಿಚಾರಿಸಿಕೊಳ್ಳತಕ್ಕದ್ದು.