ಪಂಚೆ ಮೇಲೆ ಕೋಟು ಸರಿ, ನಡುವೆ ಯಾವ ವೇಸ್ಟ್‌ಕೋಟು?

1/6
ಎಥ್ನಿಕ್ ಡೇ ಹತ್ರ ಬಂತು ಅಂದ್ರೆ ಕ್ಲಾಸ್ ಗ್ರೂಪಲ್ಲಿ ಅದೇ ಚರ್ಚೆ. ಪಂಚೆ ಉಟ್ಟು ಮೇಲೆ ಕೋಟು ಹಾಕೋಣ ಅಂತ ಒಬ್ರು. "ಅದು ಕಲಬೆರಕೆ ಕಣ್ರೋ, ನಮ್ಮ ಸಂಸ್ಕೃತಿ ಅಲ್ಲ" ಅಂತ ಇನ್ನೊಬ್ರು. ಒಳಗೆ ವೇಸ್ಟ್‌ಕೋಟು ಬೇಕಾ, ಬೇಕಾದ್ರೆ ಯಾವ ಬಣ್ಣ ಅಂತ ಮೂರನೆಯವರು. ಮೂವರಿಗೂ ಇತಿಹಾಸದಲ್ಲಿ ಉತ್ತರ ಇದೆ.

ಮೊದಲು ನಮ್ಮ ಡ್ಯಾಮನ್ನೇ ನೋಡಿ. 1898ರಲ್ಲಿ ಕೆಲಸ ಶುರುವಾಗಿ 1907ಕ್ಕೆ ಮುಗೀತು. (ವಿಶ್ವೇಶ್ವರಯ್ಯನವರು ಕಟ್ಟಿಸಿದ್ದು ಅಂತ ಹೇಳೋರು ಬಹಳ. ಅವರು ಮೈಸೂರಿನ ಚೀಫ್ ಎಂಜಿನಿಯರ್ ಆಗಿದ್ದೇ 1909ರಲ್ಲಿ!) ನಮ್ಮ ಬಾಯಲ್ಲಿ ಅದು ಮಾರಿಕಣಿವೆ, ಕಣಿವೆ ಮಾರಮ್ಮನ ಹೆಸರು. ಸರ್ಕಾರಿ ಕಾಗದದಲ್ಲಿ ವಾಣಿವಿಲಾಸ ಸಾಗರ. ಕೆಲಸ ಶುರುವಾದಾಗ ಮಗನ ಪರವಾಗಿ ರಾಜ್ಯ ನೋಡಿಕೊಳ್ತಿದ್ದ ಮಹಾರಾಣಿಯವರ ಹೆಸರು. ಎರಡನ್ನೂ ಇಟ್ಕೊಂಡಿದ್ದೀವಿ, ಯಾರಿಗೂ ತೊಂದರೆ ಆಗಿಲ್ಲ. ಆ ಕಾಲದ ಉಡುಪೂ ಹಾಗೇ ಇತ್ತು.

2/6
ಹಳೇ ಮೈಸೂರು ಸಂಸ್ಥಾನದ ಮೇಷ್ಟ್ರು, ವಕೀಲರು, ಅಧಿಕಾರಿಗಳ ಗ್ರೂಪ್ ಫೋಟೊ ಎಲ್ಲಾದ್ರೂ ಸಿಕ್ಕರೆ ಜೂಮ್ ಮಾಡಿ ನೋಡಿ. ತಲೆಗೆ ಪೇಟ. ಕೆಳಗೆ ಕಚ್ಚೆ ಪಂಚೆ. ಮೇಲೆ ಕತ್ತಿನ ತನಕ ಗುಂಡಿ ಹಾಕಿದ ಕೋಟು. ಹೆಗಲ ಮೇಲೆ ಶಲ್ಯ. ಹೊಲಿಯದ ಬಟ್ಟೆ ಜೊತೆಗೆ ದರ್ಜಿ ಹೊಲಿದ ಬಟ್ಟೆ. ನೂರು ವರ್ಷದ ಹಿಂದೆ ಇದೇ ಇಲ್ಲಿನ ಗಂಭೀರ ಉಡುಪು. ಹಾಗಾಗಿ "ಕಲಬೆರಕೆ" ಅನ್ನೋರಿಗೆ ಆ ಫೋಟೊ ಕಳಿಸಿದ್ರೆ ಸಾಕು.

ಒಂದು ಸೂಕ್ಷ್ಮ ಗಮನಿಸಿ. ಗುಂಡಿ ಕತ್ತಿನವರೆಗೂ ಇದ್ರೆ ಒಳಗೆ ಏನು ಹಾಕಿದ್ರೂ ಕಾಣಲ್ಲ. ಅದಕ್ಕೇ ಅವರ ಬಣ್ಣವೆಲ್ಲ ಪೇಟದ ಜರಿಯಲ್ಲಿ, ಶಲ್ಯದ ಅಂಚಿನಲ್ಲಿ. ಎದೆ ತೆರೆದಿರೋ ಕೋಟು ಹಾಕಿದಾಗ ಮಾತ್ರ ವೇಸ್ಟ್‌ಕೋಟಿಗೆ ಕೆಲಸ. ವಿಶ್ವೇಶ್ವರಯ್ಯನವರ ಫೋಟೊ ನೆನಪಿಸ್ಕೊಳ್ಳಿ: ಸೂಟು, ಟೈ, ತಲೆ ಮೇಲೆ ಮೈಸೂರು ಪೇಟ.

3/6
ವೇಸ್ಟ್‌ಕೋಟು ಪಕ್ಕಾ ಇಂಗ್ಲಿಷ್ ಬಟ್ಟೆ ಅಂದ್ಕೊಂಡಿದ್ದೀರಾ? 1666ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್, ಫ್ರೆಂಚರ ಫ್ಯಾಷನ್ ಬಿಟ್ಟು ಹೊಸ ಉಡುಪು ತರ್ತೀನಿ ಅಂತ ಹೊರಟಾಗ ಬಂದ ಉದ್ದನೆ ಒಳಕೋಟು ಅದು. ಆಗ ಅದನ್ನ ನೋಡಿದವರು ಡೈರಿಯಲ್ಲಿ ಪರ್ಷಿಯಾದ ಶೈಲಿ ಅಂತಲೇ ಬರೆದುಕೊಂಡರು. ಆಮೇಲೆ ಅದು ಸೊಂಟದ ತನಕ ಗಿಡ್ಡ ಆಯ್ತು. ಪೂರ್ವದಿಂದ ಪಶ್ಚಿಮಕ್ಕೆ ಹೋಗಿ, ಬ್ರಿಟಿಷರ ಜೊತೆ ವಾಪಸ್ ಪೂರ್ವಕ್ಕೆ ಬಂತು.

4/6
ನಮ್ಮ ಪ್ರಶ್ನೆಯನ್ನೇ ದಿನಾ ಕೇಳ್ಕೊಳ್ಳೋ ಇನ್ನೊಂದು ಜನ ಇದ್ದಾರೆ: ಸ್ಕಾಟ್ಲೆಂಡಿನವರು. ಅವರ ಗಂಡಸರು ಸೊಂಟಕ್ಕೆ ಕಿಲ್ಟ್ ಉಡ್ತಾರೆ. ನೆರಿಗೆ ಹಿಡಿದ, ಚೌಕಳಿ ಉಣ್ಣೆ ಬಟ್ಟೆ. ಮೇಲೆ ಟ್ವೀಡ್ ಅನ್ನೋ ಒರಟು ಉಣ್ಣೆ ಕೋಟು. ನಡುವೆ ವೇಸ್ಟ್‌ಕೋಟು.

ಅದರ ಹಿಂದೆ ನೋವಿನ ಕಥೆ ಇದೆ. ದಂಗೆ ಎದ್ದು ಸೋತ ಬೆಟ್ಟಸೀಮೆಯವರ ಮೇಲೆ 1746ರಲ್ಲಿ ಕಾನೂನು ಬಂತು: ಸೈನಿಕರನ್ನ ಬಿಟ್ಟು ಯಾವ ಗಂಡಸೂ ಆ ಉಡುಪು ಹಾಕೋ ಹಾಗಿಲ್ಲ. ಮೊದಲ ಸಲ ಸಿಕ್ಕಿಬಿದ್ರೆ ಆರು ತಿಂಗಳು ಜೈಲು. ಎರಡನೇ ಸಲ ಏಳು ವರ್ಷ ಗಡಿಪಾರು. ರದ್ದಾಗಿದ್ದು 1782ರಲ್ಲಿ. ತಮಾಷೆ ನೋಡಿ, 1822ರಲ್ಲಿ ಬ್ರಿಟನ್ನಿನ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ತಾನೇ ಕಿಲ್ಟ್ ಉಟ್ಕೊಂಡ! ನಿಷೇಧಿಸಿದ ಬಟ್ಟೆ ದರ್ಬಾರಿನ ಬಟ್ಟೆ ಆಯ್ತು.

5/6
ನಮ್ಮಲ್ಲಿ ಹಾಗೆ ಬರೆದಿಟ್ಟ ಕಾನೂನು ಬೇಕಾಗಿರಲಿಲ್ಲ. ಜಾತಿಯೇ ಸಾಕಿತ್ತು. ಯಾರು ಪೇಟ ಸುತ್ತಬಹುದು, ಯಾರ ಪಂಚೆ ಮೊಣಕಾಲಿನ ಕೆಳಗೆ ಇಳೀಬಹುದು ಅಂತ ಊರೇ ತೀರ್ಮಾನ ಮಾಡ್ತಿತ್ತು. ಹಾಗಾಗಿ 1921ರಲ್ಲಿ ಗಾಂಧೀಜಿ ಅಂಗಿ ಬಿಟ್ಟು ತುಂಡು ಪಂಚೆಗೆ ಬಂದಿದ್ದಕ್ಕೆ ಒಂದು ಅರ್ಥ, ಬಾಬಾಸಾಹೇಬರು ಸೂಟು ಹಾಕಿದ್ದಕ್ಕೆ ಇನ್ನೊಂದು ಅರ್ಥ. 1927ರಲ್ಲಿ ಮಹಾಡ್‌ನಲ್ಲಿ ಅವರು ಹೆಣ್ಣುಮಕ್ಕಳಿಗೆ ಹೇಳಿದ್ದೂ ಇದನ್ನೇ: ಜಾತಿ ಗುರುತು ಹೇಳೋ ಹಾಗೆ ಸೀರೆ ಉಡಬೇಡಿ, ಪೂರ್ತಿ ಉಡಿ.

ಅದಕ್ಕೇ ಒಂದು ಮಾತು. ಎಥ್ನಿಕ್ ಡೇ ದಿನ ಯಾರಾದ್ರೂ ಪಂಚೆ ಬಿಟ್ಟು ಪೂರ್ತಿ ಸೂಟಲ್ಲಿ ಬಂದ್ರೆ "ಇದೇನ್ ನಿಮ್ಮ ಸಂಪ್ರದಾಯನಾ" ಅಂತ ನಗಬೇಡಿ. ಅವರ ಮನೆಯ ಇತಿಹಾಸದಲ್ಲಿ ಆ ಕೋಟು ಕಷ್ಟಪಟ್ಟು ಗಳಿಸಿದ್ದಿರಬಹುದು.

6/6
ಈಗ ಆಯ್ಕೆಗೆ ಬರೋಣ. ಸೇವ್ ಮಾಡ್ಕೊಳ್ಳಿ.

ಬಣ್ಣ: ವೇಸ್ಟ್‌ಕೋಟು ಕೋಟಿನ ಬಟ್ಟೆಯದ್ದೇ ಆದ್ರೆ ಶಿಸ್ತಾಗಿ ಕಾಣುತ್ತೆ. ಬೇರೆ ಬಣ್ಣ ಬೇಕು ಅಂದಾಗ ಸ್ಕಾಟರು ಚೌಕಳಿಯೊಳಗಿನ ಒಂದು ಸಣ್ಣ ಗೆರೆಯ ಬಣ್ಣ ಎತ್ಕೊಳ್ತಾರೆ. ನಮಗೆ ಪಂಚೆಯ ಅಂಚೇ ಆ ಗೆರೆ. ಹಸಿರಂಚು ಇದ್ರೆ ಕಡು ಹಸಿರು, ಕೆಂಪಂಚು ಇದ್ರೆ ಕುಂಕುಮದ ಕೆಂಪು. ಕೋಟು ಬೂದಿಯೋ ಕಂದೋ ಇರಲಿ. ಮೂರೂ ಹೊಳೆಯೋದು ಬೇಡ.

ಉದ್ದ: ಪಂಚೆ ಗಂಟು ಮುಚ್ಚಬೇಕು. ನಡುವೆ ಅಂಗಿ ಇಣುಕಿದ್ರೆ ಎಲ್ಲ ಕೆಟ್ಟಂತೆ.

ಬಟ್ಟೆ: ಇಲ್ಲಿ ನನ್ನ ಓಟು ಕಂಬಳಿಗೆ. ಟ್ವೀಡಿನ ಹಾಗೆ ಇದೂ ಕುರಿ ಉಣ್ಣೆ, ನಮ್ಮ ಚಳ್ಳಕೆರೆ, ಹಿರಿಯೂರು ಸೀಮೆಯದು. ಕೈಯಲ್ಲಿ ನೂತು, ಹುಣಸೆ ಬೀಜದ ಗಂಜಿ ಹಾಕಿ, ಗುಂಡಿಮಗ್ಗದಲ್ಲಿ ನೇಯ್ದಿದ್ದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕುರುಬರ ಕಂಬಳಿ ಬಗ್ಗೆ ಬರೆದಿದ್ದಾರೆ. ಅವರೂ ಸ್ಕಾಟ್ಲೆಂಡಿನವರೇ! ಕಪ್ಪು ಕಂಬಳಿ, ಬಿಳಿ ಪಂಚೆ: ಇದಕ್ಕಿಂತ ಎದುರು ಬಣ್ಣ ಬೇಕಾ? ಚುಚ್ಚುತ್ತೆ, ಹಾಗಾಗಿ ಒಳಗೆ ಹತ್ತಿ ಲೈನಿಂಗ್ ಹಾಕಿಸಿ. ಮನೆಯಲ್ಲಿ ಗದ್ದುಗೆಗೆ ಹಾಸೋ ಕಂಬಳಿಗೆ ಮಾತ್ರ ಕತ್ತರಿ ಇಡಬೇಡಿ. ನೇಯುವವರ ಹತ್ರಾನೇ ಹೊಸದು ತಗೊಳ್ಳಿ.

ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಮನೆಮಗ್ಗದಲ್ಲೇ ನೇಯ್ದ ಬಟ್ಟೆಗೆ ಮಾತ್ರ ಹ್ಯಾರಿಸ್ ಟ್ವೀಡ್ ಅನ್ನೋ ಹೆಸರು ಸಲ್ಲಬೇಕು ಅಂತ 1993ರಲ್ಲಿ ಕಾನೂನೇ ಮಾಡಿದ್ರು. ನಮ್ಮ ಮಗ್ಗಗಳಿಗೆ ಸದ್ಯಕ್ಕೆ ಬೇಕಿರೋದು ಕೊಳ್ಳೋರು.

ನಿಮ್ಮ ತಾತ, ಮುತ್ತಾತ ಪಂಚೆ ಮೇಲೆ ಕೋಟು ಹಾಕಿರೋ ಫೋಟೊ ಇದ್ಯಾ? ಮನೆಯವರನ್ನ ಕೇಳಿ, ಡಿಎಂ ಮಾಡಿ. ಯಾವ ಊರು, ಯಾವ ವರ್ಷ, ಯಾವ ಸಂದರ್ಭ ಅಂತಾನೂ ಬರೀರಿ. ಮುಂದಿನ ಕಂತು ಅವುಗಳದ್ದೇ.

#ಮಾರಿಕಣಿವೆ #ಹಿರಿಯೂರು #ಚಿತ್ರದುರ್ಗ #ಪಂಚೆಕೋಟು #ಕಂಬಳಿ